ಹಾಳುಗುಡಿಗೆ ಬಳಿದ ಸುಣ್ಣ

ನಮ್ಮ ಪಲ್ಲವಿ ನನ್ನ ತವರುಮನೆಯ ಚಿತ್ರ ಬರೆದಿದ್ದಾಳೆ. ಅದರಲ್ಲಿ ಮನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಮುಕ್ಕಾಲು ಪಾಲು ಆಕಾಶ, ಮಾವಿನಹಣ್ಣಿನ ಸೀಕರಣೆ ಚೆಲ್ಲಿದ ಹಾಗೆ ಸಂಜೆಯ ಬಣ್ಣ, ಅದರ ಮೇಲೆ ಹಸಿ ಕಟ್ಟಿಗೆಯ ಹೊಗೆಯಂಥ ಮೋಡ. ಕೆಳಗೆ ಬಿದ್ದ ಗೋಡೆಗಳು, ಗೋಡೆ ಸೀಳಿಕೊಂಡು ಎದ್ದ ಅರಳಿ ಗಿಡ, ಕದವಿಲ್ಲದ ಬಾಗಿಲು, ಅದರಾಚೆ ಇರುವೆಯಷ್ಟು ಕಾಣುವ ಒಂದು ಆಡು. ಪಂಚಮಿ ಹಬ್ಬದಿಂದ ಈಚೆಗೆ ಇದು ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಅದರ ದೆಸೆಯಿಂದ ಬಂದವರಿಗೆ ಕೂಡಲು ಜಾಗವಿಲ್ಲ, ಕಸ ಹೊಡೆಯಲು ದಾರಿಯಿಲ್ಲ, ಮನೆಯೆಲ್ಲ ಎಣ್ಣೆಬಣ್ಣದ ನಾತ. ಪಲ್ಲವಿ ನನ್ನ ಮಗನ ಮಗಳು. ಕಲಬುರಗಿಯಲ್ಲಿ ಚಿತ್ರ ಬರೆಯುವುದನ್ನೇ ಕಾಲೇಜಿನಲ್ಲಿ ಕಲಿತಳು. ಅಲ್ಲಿಯೇ ನಡೆಯುವ ದೊಡ್ಡ ಪ್ರದರ್ಶನಕ್ಕೆ ಈ ಚಿತ್ರವನ್ನು ಆರಿಸಿದ್ದಾರೆ. ಅದನ್ನು ಕೇಳಿದ ದಿನದಿಂದ ನನ್ನ ಹೊಟ್ಟೆಯಲ್ಲಿ ಸಂತೋಷ ಹಿಡಿಸುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಕಿರಾಣಿ ಅಂಗಡಿಯವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ಆಕೆ ಇಳಿಯುವ ಊರು ಬಂದರೂ ಸೆರಗು ಹಿಡಿದು ಹೇಳಿದೆ. ಆದರೆ ಮನೆಗೆ ಬಂದು ಆ ಚಿತ್ರದ ಮುಂದೆ ಕುಳಿತೆನೆಂದರೆ ನನಗೆ ತಲೆ ಕಾಯುತ್ತದೆ.

"ಇದ್ರಾಗ ಅಡಗಿಮನಿ ಎಲ್ಲದ ಬೇ?"

"ಅಲ್ಲೇ ಆಯಿ. ಆ ಅರಳಿ ಗಿಡದ ಬುಡಕ್ಕ."

"ನಮ್ಮವ್ವನ ಒಲಿ ಮ್ಯಾಲ ಗಿಡ ಹಚ್ಚೀದೇನು?"

"ನಾ ಹಚ್ಚಿಲ್ಲ. ಅದೇ ಹುಟ್ಟ್ಯಾದ."

"ಹುಟ್ಟಿದ್ರ ಕಿತ್ತಿ ಒಗಿಬೇಕು. ಬರ್ಕೊಂತ ಕುಂದರ್ತಾರೇನು ಯಾರರೆ?"

ಅವಳು ನಗುತ್ತಾಳೆ. ಹಾಳು ಬಿದ್ದದ್ದೇ ಚಂದವಂತೆ. ಮನುಷ್ಯ ಕಟ್ಟಿದ್ದು ನೆಲಕ್ಕೆ ಇಳಿಯುವುದು, ನೆಲದೊಳಗಿನದು ಮೇಲಕ್ಕೆ ಏರುವುದು, ಎರಡೂ ಒಂದೇ ಕಡೆ ಕಾಣುತ್ತದಂತೆ; ಅವಳ ಸರ್ ಹಾಗೆ ಹೇಳಿದ್ದಾರಂತೆ. ಹೇಳಲಿ. ಅವರ ತವರುಮನೆ ಅಲ್ಲವಲ್ಲ. ನನ್ನ ತಮ್ಮಂದಿರು ರಸ್ತೆಗೆ ಹತ್ತಿ ಹೊಸ ಮನೆ ಕಟ್ಟಿಕೊಂಡು, ಹಳೆಯದರ ತೊಲೆ ಕಂಬ ಬಿಚ್ಚಿ ಒಯ್ದು, ಗೋಡೆಗಳನ್ನು ಮಳೆಗೆ ಬಿಟ್ಟುಕೊಟ್ಟರು. ಅಲ್ಲಿಗೆ ಈ ಹುಡುಗಿ ಕಾಲೇಜಿನ ಸೂಟಿ ಬಂದಾಗಲೆಲ್ಲ ಹೋಗಿ ಬಿಸಿಲಲ್ಲಿ ಕುಳಿತು ಬರೆದು ಬಂದಳು. ಒಂದು ಸಲ ಹೊಸ ಬಿಳಿ ವೇಲಿನ ತುದಿಯನ್ನೆಲ್ಲ ಕರ್ರಗೆ ಮಾಡಿಕೊಂಡು ಬಂದಳು. ಸಾಬೂನು ಹಚ್ಚಿ ತಿಕ್ಕಿದೆ, ಸೀಗೇಕಾಯಿ ಹಾಕಿ ತಿಕ್ಕಿದೆ, ನಿಂಬೆಹಣ್ಣು ಹಿಂಡಿ ತಿಕ್ಕಿದೆ, ಕಲೆ ಮಾತ್ರ ಹೋಗಲಿಲ್ಲ. ಎಲ್ಲಿ ಹೊರಳಾಡಿ ಬಂದಿ ಎಂದು ಕೇಳಿದರೆ, ಗ್ವಾಡಿಗೆ ಹತ್ತಿರಬೇಕು ಎಂದಳು. ಮಣ್ಣಿನ ಗೋಡೆ ಮಣ್ಣಾಗುತ್ತದೆ, ಕರ್ರಗಾಗುತ್ತದೆಯೇ? ಈಗಿನವರಿಗೆ ಬಟ್ಟೆಯ ಮೇಲೆ ಜೀವವಿಲ್ಲ.

ಕಡೆಗೆ ನಾನೇ ಸೋತು ಒಂದೇ ಮಾತು ಕೇಳಿದೆ. ಚಿತ್ರದ ಎಡಗಡೆ ನಿಂತಿರುವ ಗೋಡೆಯಲ್ಲಿ ಗೂಡಿನಂಥ ಒಂದು ಮಾಡ ಬರೆದಿದ್ದಾಳೆ. ದೀಪ ಇಡುವ ಮಾಡವೇ ಅದು, ನನಗೆ ಗುರುತಿಲ್ಲವೇ. ಒಳಗೆ ಬರೀ ಕತ್ತಲು.

"ಗಿಡ ಇರಲಿ, ಆಡು ಇರಲಿ. ಆ ಮಾಡದಾಗ ಒಂದು ದೀಪ ಆದ್ರೂ ಇಡು, ನಮ್ಮವ್ವಾ. ಹಾಳುಮನಿ ಹಾಂಗೇ ಕಳಿಸಬಾರದು."

"ದೀಪ ಇಟ್ರ ಅದು ಹಾಳುಮನಿ ಹೆಂಗ ಆಗ್ತದ ಆಯಿ? ಯಾರೋ ಇದ್ದಂಗ ಆಗ್ತದ."

"ಇದ್ದಿವಲ್ಲ ಬೇ ನಾವು."

ಅವಳು ಕುಂಚ ತೊಳೆಯಲು ಎದ್ದು ಹೋದಳು. ನನ್ನ ಬಲಗೈ ಮಾತ್ರ ಕೆರೆಯಹತ್ತಿತು. ಅವಳ ಹಳದಿ ಬಣ್ಣ ತೆಗೆದುಕೊಂಡು ಒಂದು ಚುಕ್ಕೆ ನಾನೇ ಇಟ್ಟುಬಿಡಲೇ ಎನ್ನಿಸಿತು. ಈ ಕೈ ಯಾರದೆಂದು ನನಗೆ ಗೊತ್ತು. ನಮ್ಮ ಆಯಿಯದು, ನನ್ನ ಅಪ್ಪನ ತಾಯಿಯದು. ಅದಕ್ಕೇ ಕೈಯನ್ನು ಸೆರಗಿನಲ್ಲಿ ಸುತ್ತಿ ಕುಳಿತುಕೊಂಡೆ.

ಗೊಬ್ಬೂರಿನ ಆ ತವರುಮನೆ ಹೊರಗಿನಿಂದ ಮಣ್ಣಿನ ದಿಬ್ಬ, ಒಳಗೆ ಬಂದರೆ ಬೇಸಿಗೆಯಲ್ಲಿಯೂ ಗಡಿಗೆ ನೀರಿನಷ್ಟು ತಂಪು. ಮುಂದೆ ಪಡಸಾಲೆ, ಒಂದು ಕಡೆ ಎತ್ತು ಕಟ್ಟುವ ಜಾಗ, ಹಿಂದೆ ಅಡಿಗೆಮನೆ, ಅದಕ್ಕೆ ಹತ್ತಿ ಕತ್ತಲೆ ಕೋಣೆ. ಅಲ್ಲಿ ಜೋಳದ ಚೀಲಗಳೂ ಬಾಣಂತಿಯರೂ ಇರುತ್ತಿದ್ದರು. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ದೀಪದ ಮಾಡ. ಮುಚ್ಚಂಜೆಗೆ ಆಯಿ ಅಲ್ಲಿ ದೀಪ ಹಚ್ಚಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡುತ್ತಿದ್ದಳು. ಆಕೆ ಏಳುವ ತನಕ ರೊಟ್ಟಿಯ ಬುಟ್ಟಿಗೆ ಯಾರೂ ಕೈ ಹಾಕುವಂತಿಲ್ಲ. ಮಾಡದ ಸುತ್ತಲೂ ಪ್ರತಿ ದಸರೆಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಆಕೆಯದೇ ಕೆಲಸ. ಅದಕ್ಕೆ ಕಾರಣಿ ಅನ್ನುತ್ತಿದ್ದೆವು. ಒಳಗಿನ ಮಸಿಗೆ ಮಾತ್ರ ಕೈ ಹಚ್ಚಲು ಬಿಡುತ್ತಿರಲಿಲ್ಲ. ಮನೆಯ ಕೂಸುಗಳ ಕಣ್ಣಿಗೆಲ್ಲ ಅಲ್ಲಿಂದಲೇ ಕಾಡಿಗೆ. ನನ್ನ ಕಣ್ಣಿಗೂ ಅದೇ. ಒಡೆದದ್ದು, ಹರಿದದ್ದು, ಸೋರುವುದು ಆಕೆಯ ಕಣ್ಣಿಗೆ ಬಿದ್ದರೆ ಆ ದಿನ ಊಟ ರುಚಿಸುತ್ತಿರಲಿಲ್ಲ. ನೆರೆಮನೆಯ ಕಟ್ಟೆ ಬಿರಿದಿದ್ದರೆ ಅದಕ್ಕೂ ಹೋಗಿ ಸೆಗಣಿ ಮೆತ್ತಿ ಬರುತ್ತಿದ್ದಳು, ಅವರು ಬೇಡವೆಂದರೂ.

ಅಂಥ ಮನೆಯಲ್ಲಿ ನಮ್ಮ ಚನ್ನಪ್ಪ ಕಾಕಾ ಹುಟ್ಟಿದ. ಅಪ್ಪನ ತಮ್ಮ. ಒಂದು ಬೇಸಿಗೆ ಜೇವರ್ಗಿ ಕಡೆ ನಾಟಕ ನೋಡಲು ಹೋದವನು ನಾಟಕ ಬಿಟ್ಟು ಹಿಂದಿನ ಸೀನರಿ ನೋಡಿ ಬಂದ. ಅರಮನೆ, ಬೀದಿ, ಕಾಡು ಎಂದು ಒಂದೊಂದಕ್ಕೂ ಬಣ್ಣದ ಪರದೆ ಇಳಿಬಿಡುತ್ತಾರಲ್ಲ, ಅದು. ಆ ಪರದೆ ಬರೆಯುವವನ ಕೈಕೆಳಗೆ ಕೆಲವು ದಿನ ಇದ್ದು ಕಲಿತುಕೊಂಡ. ಆಮೇಲೆ ಊಟಕ್ಕೆ ಕರೆದರೂ ಮೋಡ ನೋಡುವವನೇ. ತಾಟಿನಲ್ಲಿ ಪುಂಡಿಪಲ್ಯ ಆರಿ ಹೋಗುತ್ತಿತ್ತು, ಖಾರಬ್ಯಾಳಿಗೆ ಕೆನೆ ಕಟ್ಟುತ್ತಿತ್ತು, ಇವನು ತುತ್ತು ಹಿಡಿದು ಬಾಗಿಲಾಚೆ ನೋಡುತ್ತ ಕೂಡುತ್ತಿದ್ದ. ಅವ್ವ ಬಡಿಸಿ ಬಡಿಸಿ ಬೇಸತ್ತು, ಚನ್ನಪ್ಪಗ ಮೋಡಾನೇ ಬಡಸ್ರಿ ಅನ್ನುತ್ತಿದ್ದಳು. ಈಗ ಪಲ್ಲವಿಯ ಮುಂದೆ ಚಹಾ ಆರಿ ಕಷಾಯವಾಗುವುದನ್ನು ನೋಡಿದಾಗಲೆಲ್ಲ ನನಗೆ ಅವ್ವನ ಆ ದನಿ ಕೇಳುತ್ತದೆ.

ನಮ್ಮ ಕಡೆ ಮಾಳಿಗೆಗೆ ಮುಂಗಾರಿನ ಮುಂಚೆ ಹಾಳಮಣ್ಣು ಹಾಕಬೇಕು. ಊರ ಹೊರಗೆ ಹಳೆಯ ಊರೊಂದು ಬಿದ್ದು ಹೋದ ಜಾಗವಿತ್ತು. ಕುಸಿದ ಗೋಡೆಗಳು, ಶಿಖರವಿಲ್ಲದ ಒಂದು ಗುಡಿ. ಯಾವ ಕಾಲದ ಮನೆಗಳೋ, ಅವುಗಳ ಗೋಡೆಯ ಬಿಳಿ ಮಣ್ಣನ್ನು ಅಗೆದು ತಂದು ಮಾಳಿಗೆಯ ಮೇಲೆ ಹರವಿ ತುಳಿದರೆ ನೀರು ಒಳಗೆ ಇಳಿಯದು. ಬಿದ್ದ ಮನೆಯೇ ನಿಂತ ಮನೆಯನ್ನು ಕಾಯುತ್ತಿತ್ತು. ಆ ವರ್ಷ ಅಪ್ಪ ಬಂಡಿ ಹೂಡಿ ಕಾಕಾನನ್ನು ಕಳಿಸಿದ, ನಾನೂ ಬಂಡಿ ಹತ್ತಿದೆ. ಕಾಕಾ ಗುದ್ದಲಿಯನ್ನು ಕೆಳಗಿಡಲೇ ಇಲ್ಲ, ನೆಲಕ್ಕೂ ಹಾಕಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡೇ ಹಾಳುಗುಡಿಯನ್ನು ಸುತ್ತು ಹಾಕಿ ನೋಡಿದ. ಆಮೇಲೆ ಕುಳಿತು ಇದ್ದಲಿಯಿಂದ ಹಾಳೆಯ ಮೇಲೆ ಗೀಚಿದ. ಕಡೆಗೆ ಉದುರಿ ಬಿದ್ದಿದ್ದ ಸಡಿಲ ಮಣ್ಣನ್ನಷ್ಟೇ ಬಳಿದು ಹಾಕಿದ, ಬಂಡಿ ಅರ್ಧ ತುಂಬಿ ಮನೆಗೆ ಬಂದಿತು. ಅದೂ ಎತ್ತಿಗೆ ಬೇಸರವಾಗಿ ಅದೇ ಹೊರಟದ್ದಕ್ಕೆ.

"ಉಳದ ಮಣ್ಣು ಎಲ್ಲಲೇ?" ಎಂದ ಅಪ್ಪ.

"ಅಣ್ಣಾ, ಆ ಗುಡಿ ಅಗದ್ರ ಪಾಪ. ಸಂಜಿ ಬಿಸಲಾಗ ಬಂಗಾರ ಕಂಡಂಗ ಕಾಣ್ತದ."

"ಬಂಗಾರ ಮಾಳಗಿ ಮ್ಯಾಲ ಹಾಕು. ಮಳಿ ಬಂದಾಗ ತಿಳೀತದ."

ಮಳೆ ಬಂದಾಗ ತಿಳಿಯಿತು. ಮಣ್ಣು ಬೀಳದ ಕಡೆಯೆಲ್ಲ ಸೋರಿತು. ಅವ್ವ ಒಲೆಯ ಮೇಲೆ ಪರಾತ ಹಿಡಿದು ಒಂದು ಕೈಯಲ್ಲಿ ರೊಟ್ಟಿ ಬಡಿದಳು. ನಾವೆಲ್ಲ ಹಾಸಿಗೆ ಸುತ್ತಿಕೊಂಡು ಕತ್ತಲೆ ಕೋಣೆಗೆ ಹೋದೆವು. ಅದೇ ಹೊತ್ತಿಗೆ ಯಡ್ರಾಮಿ ಕಡೆಯ ನಾಟಕದ ಮಾಸ್ತರ ಒಬ್ಬರು ಬಂದು, ದಸರೆಯ ಆಟಕ್ಕೆ ಒಂದು ಸೀನರಿ ಬೇಕು, ಕಾಡಿನಲ್ಲಿ ಹಾಳುಗುಡಿ ಇರಬೇಕು, ಗಂಡ ಹೊರಗೆ ಹಾಕಿದ ರಾಣಿ ಅಲ್ಲಿ ಬಂದು ನಿಂತು ಅಳುತ್ತಾಳೆ ಎಂದರು. ಕಾಕಾ ಒಪ್ಪಿಕೊಂಡ. ಅಪ್ಪ ಒದ್ದೆ ಕಂಬಕ್ಕೆ ಕೈಹಚ್ಚಿ ನಿಂತು ಎಲ್ಲರ ಮುಂದೆ ಹೇಳಿಬಿಟ್ಟ:

"ಇದೊಂದು ಬರಿ. ಮಾಸ್ತರ ಒಪ್ಪಿ ಒಯ್ದ್ರ ನಿನ್ನ ಹಾದಿಗೆ ನಾ ಬರೂದಿಲ್ಲ, ಇದೇ ಕೆಲಸ ಮಾಡು. ಒಪ್ಪಲಿಲ್ಲಂದ್ರ ಕುಂಚ ಮಡಚಿಟ್ಟು ಹೊಲಕ್ಕ ನಡಿ."

"ಹೂಂ" ಎಂದ ಕಾಕಾ. ಬೇರೆ ಯಾರಾದರೂ ಆಗಿದ್ದರೆ ಚೌಕಾಶಿ ಮಾಡುತ್ತಿದ್ದರು.

ಮಾಂಜರಪಾಟ ಬಟ್ಟೆ ಹೊಲಿದು ಪಡಸಾಲೆಯ ತೊಲೆಯಿಂದ ನೆಲದವರೆಗೆ ಇಳಿಬಿಟ್ಟ. ಬಣ್ಣದ ಪುಡಿ ಬಟ್ಟೆಗೆ ಹಿಡಿಯಲು ಅಂಟು ಬೇಕು. ಪರದೆ ಬರೆಯುವವರು ತೊಗಲು ಕುದಿಸಿದ ಅಂಟು ಹಾಕುತ್ತಾರೆಂದು ಆಯಿಗೆ ಯಾರೋ ಹೇಳಿದರು, ಮನೆಯಲ್ಲಿ ದೊಡ್ಡ ಜಗಳವಾಯಿತು. ಲಿಂಗ ಕಟ್ಟಿದವರ ಮನೆಯ ಒಲೆಯ ಮೇಲೆ ತೊಗಲು ಕುದಿಯುವುದಾದರೆ ತಾನು ನೀರು ಸಹ ಮುಟ್ಟುವುದಿಲ್ಲ ಎಂದಳು. ಕಾಕಾ ಅದಕ್ಕೂ ಹೂಂ ಎಂದು ಜಾಲಿ ಗಿಡದ ಅಂಟು ಹುಡುಕಿಕೊಂಡು ಹೋದ. ನಾನು ಶಾಲೆ ಬಿಟ್ಟು ಬಂದು ಮುಳ್ಳಿನಲ್ಲಿ ಕೈ ಹಾಕಿ ಆ ಅಂಟು ಬಿಡಿಸಿ ತರುತ್ತಿದ್ದೆ. ನಾಲ್ಕನೆಯ ಇಯತ್ತೆಗೇ ನನ್ನ ಶಾಲೆ ಮುಗಿದದ್ದರಲ್ಲಿ ಆ ಅಂಟಿನ ಪಾಲೂ ಇದೆ. ಮಳೆಗಾಲವೆಲ್ಲ ನಾವು ಆ ಪರದೆಯ ಎದುರಿಗೇ ಉಂಡೆವು, ಜಗಳಾಡಿದೆವು, ಮಲಗಿದೆವು. ಬಿರುಕು ಬಿಟ್ಟ ಗುಡಿ, ಬಿರುಕಿನಲ್ಲಿ ಅರಳಿ ಗಿಡ, ಹಿಂದೆ ಕಾಡು, ಕಾಡಿನ ಮೇಲೆ ಮೋಡ. ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಂತು, ಇಲ್ಲೇ ಹಾವು ಇರಬಹುದು ಅನ್ನುವ ಹಾಗೆ ಕಾಲು ಇಡುತ್ತಿದ್ದರು. ಎಷ್ಟು ಚಂದವಿತ್ತೆಂದರೆ ಅಪ್ಪ ಸಹ ಎತ್ತಿಗೆ ಮೇವು ಹಾಕಲು ಹೋಗುವಾಗ ಆ ಕಡೆ ಕಳ್ಳನ ಹಾಗೆ ನೋಡುತ್ತಿದ್ದ. ಆಯಿ ಮಾತ್ರ ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ನಮ್ಮ ನೆತ್ತಿ ಸೋರುತ್ತಿದೆ, ಎದುರಿಗೂ ಬಿದ್ದ ಗೋಡೆ. ಎಲ್ಲಿ ತಿರುಗಿದರೂ ಮುರುಕು.

ದಸರೆ ಬಂದಿತು. ನಮ್ಮಲ್ಲಿ ಆ ಹಬ್ಬಕ್ಕೆ ಹಾಸಿಗೆ ಹೊದಿಕೆಯಿಂದ ಹಿಡಿದು ಗಡಿಗೆಯ ಮುಚ್ಚಳದವರೆಗೆ ಎಲ್ಲ ತೊಳೆಯಬೇಕು, ಗೋಡೆಯೆಂಬ ಗೋಡೆಗೆ ಸುಣ್ಣ ಬೀಳಬೇಕು. ಮರುದಿನ ಮಾಸ್ತರ ಬರುವವರಿದ್ದರು. ಪರದೆ ಕಟ್ಟುವ ಹಗ್ಗ ಬೊಂಬು ತರಲು ಕಾಕಾ ಅಫಜಲಪುರಕ್ಕೆ ಹೋಗಿದ್ದ. ಅವ್ವ ಹಳ್ಳಕ್ಕೆ ಬಟ್ಟೆ ಒಯ್ದಿದ್ದಳು. ಆಯಿ ಸೀರೆ ಮೇಲೆ ಕಟ್ಟಿ, ಪುಂಡಿನಾರಿನ ಕುಂಚದಿಂದ ಪಡಸಾಲೆಯ ಗೋಡೆಗಳಿಗೆ ಸುಣ್ಣ ಹೊಡೆದು ಮುಗಿಸಿದಳು. ಆಮೇಲೆ ಪರದೆಯ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೀಲೀ, ಆ ರಾಣಿ ಎಲ್ಲಿ ನಿಲ್ಲತಾಳ?"

ನಾನು ಗುಡಿಯ ಮುಂದೆ ಬೆರಳು ತೋರಿಸಿದೆ.

"ಗ್ವಾಡಿ ಬೀಳಂಗ ಅದಲ್ಲ ಬೇ ಅಲ್ಲಿ. ಕೆಮ್ಮಣ್ಣ ಹಿಡಕೋ ಇಲ್ಲಿ."

ನಾನು ಕೆಮ್ಮಣ್ಣಿನ ಗಡಿಗೆ ಹಿಡಿದು ನಿಂತೆ, ಆಯಿ ಹಾಳುಗುಡಿಗೆ ಸುಣ್ಣ ಬಳಿದಳು. ಬಿರುಕುಗಳನ್ನು ಒಂದೊಂದಾಗಿ ಮುಚ್ಚಿದಳು. ಅರಳಿ ಗಿಡವನ್ನು ಬುಡದಿಂದ ಅಳಿಸಿದಳು. ಗೋಡೆಯ ಬುಡಕ್ಕೆ, ಬಾಗಿಲಿನ ಸುತ್ತಲೂ ಕಾರಣಿ ಎಳೆದಳು, ಉಸಿರು ಹಿಡಿದು, ಒಂದೇ ಎಳೆತಕ್ಕೆ. ಕಾಡಿಗೂ ಮೋಡಕ್ಕೂ ಕೈ ಹಚ್ಚಲಿಲ್ಲ. ಅವು ದೇವರು ಮಾಡಿದವು, ಇರಲಿ ಎಂದಳು.

ಸಂಜೆಗೆ ಕಾಕಾ ಬೊಂಬು ಹೊತ್ತು ಒಳಗೆ ಬಂದ. ನೋಡಿದ. ಬೊಂಬನ್ನು ಸಪ್ಪಳವಿಲ್ಲದೆ ಗೋಡೆಗೆ ಆನಿಸಿದ. ತೊಳೆಯಲು ನೋಡಿದರೆ ಸುಣ್ಣದ ಜೊತೆ ಜಾಲಿ ಅಂಟಿನ ಬಣ್ಣವೂ ಕಿತ್ತು ಬರುತ್ತದೆ, ಹೊಸದು ಬರೆಯಲು ಹೊತ್ತಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ಕಾಕಾ ಈಗ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದೆ.

ಮಾಸ್ತರ ಬೆಳಿಗ್ಗೆ ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಹಾಳುಗುಡಿ ಹೇಳಿದ್ನಲ್ಲಪಾ ಚನ್ನಪ್ಪ. ಇದು ಯಾರ ಮನಿ ಗೃಹಪ್ರವೇಶ? ಇಷ್ಟು ಸ್ವಚ್ಛ ಗುಡಿ ಮುಂದ ರಾಣಿ ಯಾಕ ಅಳಬೇಕು? ಆರಾಮ ಇರ್ತಾಳ."

"ಅಳಬಾರದಂತನೇ ಬಳದೀನ್ರಿ," ಎಂದಳು ಆಯಿ ಅಡಿಗೆಮನೆಯ ಬಾಗಿಲಿನಿಂದ. "ಗಂಡ ಹೊರಗ ಹಾಕ್ಯಾನ, ಹೆಣ್ಣಮಗಳು ಒಬ್ಬಾಕಿ ಬಂದು ನಿಲ್ಲತಾಳ. ಬೀಳೂ ಗ್ವಾಡಿ ಕೆಳಗ ನಿಲ್ಲಸ್ತೀರೇನ್ರಿ ನೀವು?"

ಮಾಸ್ತರ ನಕ್ಕರು, ಚಹಾ ಕುಡಿದರು, ಪರದೆ ಒಯ್ಯಲಿಲ್ಲ. ಯಾವುದೋ ಹಳೆಯ ಕಾಡಿನ ಪರದೆಯಲ್ಲೇ ಆಟ ಆಡಿದರಂತೆ. ಅಪ್ಪ ಏನೂ ಕೇಳಲಿಲ್ಲ. ಕಾಕಾ ತಾನೇ ಬಣ್ಣದ ಡಬ್ಬಿಗಳನ್ನು ಕತ್ತಲೆ ಕೋಣೆಯ ಅಟ್ಟಕ್ಕೆ ಏರಿಸಿ ಬಂದು ಊಟಕ್ಕೆ ಕುಳಿತ. ಆಯಿ ರೊಟ್ಟಿ ಹಾಕಿ, ಮಗನ ಮುಖ ನೋಡುತ್ತ ನಿಂತಳು. ಆಕೆಗೆ ಏನೋ ತಪ್ಪಿದೆಯೆಂದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಕಾಕಾ ಪರದೆಯನ್ನು ಒಮ್ಮೆ ನೋಡಿದ.

"ಅವ್ವಾ, ಕಾರಣಿ ನೆಟ್ಟಗ ಎಳದಿ" ಎಂದ.

ಆ ಮಾತು ನನ್ನನ್ನು ಎಷ್ಟು ವರ್ಷ ಉರಿಸಿದೆ ಎಂದು ಹೇಳಲಾರೆ. ಒಂದು ಬೈಗಳು ಬೈಯಬಾರದಿತ್ತೇ. ತಾಟು ಎತ್ತಿ ಒಗೆಯಬಾರದಿತ್ತೇ. ಮರುದಿನ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ, ಹೋದವನು ಹೋದನೇ. ಆಮೇಲೆ ಕುಂಚ ಹಿಡಿದದ್ದು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲು ಮಾತ್ರ. ಊರವರ ಎತ್ತಿಗೆಲ್ಲ ಕೆಂಪು ಹಸಿರು ಪಟ್ಟೆ. ನಮ್ಮವಕ್ಕೆ ಕೋಡಿನ ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ಮೋಡ. ಅಪ್ಪ ಆ ಎತ್ತುಗಳನ್ನು ಓಣಿಯಲ್ಲಿ ಎರಡು ಸುತ್ತು ಹೆಚ್ಚಿಗೆ ತಿರುಗಿಸುತ್ತಿದ್ದ, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಎಲ್ಲರೂ ಹಾಗೆಯೇ ಆ ಮನೆಯಲ್ಲಿ. ಬಾಯಿ ಬಿಡಬೇಕಾದಲ್ಲಿ ಬಿಡದವರು. ಅದಕ್ಕೇ ನಾನು ಇಷ್ಟು ಬಾಯಿಬಡಕಿಯಾದೆನೋ ಏನೋ. ಆ ಪರದೆಯನ್ನು ಪಡಸಾಲೆಗೆ ಅಡ್ಡಗಟ್ಟಿದರು, ಅದರ ಎದುರಿಗೆ ನನ್ನ ಹಾಸಿಗೆ. ಕಾಡು ಮೋಡಗಳ ನಡುವೆ ಹೊಸ ಸುಣ್ಣದ ಗುಡಿ ನೋಡುತ್ತಲೇ ನಾನು ದೊಡ್ಡವಳಾಗಿ, ಮದುವೆಯಾಗಿ ಆಳಂದಕ್ಕೆ ಬಂದೆ. ಮುರಿದದ್ದನ್ನು ನೋಡಿ ಸುಮ್ಮನಿರಲಾರದ ಕೈ, ಸುಮ್ಮನಿರುವವರನ್ನು ನೋಡಿ ಉರಿಯುವ ಹೊಟ್ಟೆ, ಎರಡನ್ನೂ ಅಲ್ಲಿಂದಲೇ ತಂದೆ.

ಈಗ ಮತ್ತೆ ದಸರೆ ಬಂದಿದೆ. ನಾಳೆ ಪಲ್ಲವಿಯ ಚಿತ್ರ ಕಲಬುರಗಿಗೆ ಹೋಗಬೇಕು. ಇವತ್ತು ಮಧ್ಯಾಹ್ನ ಅವಳು ಕಟ್ಟುವ ಬಟ್ಟೆ ತರಲು ಎದ್ದಾಗ ನಾನು ಚಾಳೀಸು ಹಾಕಿಕೊಂಡು ಚಿತ್ರದ ಹತ್ತಿರ ಹೋದೆ, ದೀಪ ಎಲ್ಲಿ ಇಡಬೇಕೆಂದು ಕಡೆಯ ಸಲ ತೋರಿಸಿಯೇ ಬಿಡೋಣವೆಂದು. ದೂರದಿಂದ ಕತ್ತಲಾಗಿ ಕಂಡ ಮಾಡ ಹತ್ತಿರಕ್ಕೆ ಕತ್ತಲಾಗಿರಲಿಲ್ಲ. ಮೇಲ್ಗಡೆ ದಟ್ಟ ಕಪ್ಪು, ಇಳಿಯುತ್ತ ಇಳಿಯುತ್ತ ತಿಳಿ, ಉರಿಯ ನಾಲಗೆ ನೆಕ್ಕಿದ ಹಾಗೆ. ಅಷ್ಟರಲ್ಲಿ ಪಲ್ಲವಿ ಬಟ್ಟೆ ತಂದಳು.

"ಇದೇನು ಬೇ, ಇಷ್ಟು ಕರ್ರಗ ಯಾಕ ಮಾಡೀದಿ?"

"ನಾ ಮಾಡಿಲ್ಲ ಆಯಿ, ಅದು ಹಾಂಗೇ ಅದ. ನೆರಳು ಅದ ಅಂತ ತಿಳದಿದ್ದೆ ಮೊದಲ. ಆಮ್ಯಾಲ ಒಳಗ ಕೈ ಹಾಕಿದ್ರ ಕೈಗೆಲ್ಲ ಕರಿ ಹತ್ತಿತು. ವೇಲಿಗೆ ಒರಸಿಕೊಂಡಿದ್ದೆ, ನೀ ಬೈದಿ ನೋಡು."

ಅಷ್ಟು ಸಾಬೂನು ಹಚ್ಚಿ, ನಿಂಬೆ ಹಿಂಡಿ ತಿಕ್ಕಿದ್ದು ಏನನ್ನೆಂದು ಈಗ ತಿಳಿಯಿತು. ಮಾಳಿಗೆ ಹೋಯಿತು, ತೊಲೆ ಹೋಯಿತು, ಆಯಿ ಹೋದಳು, ಕಾಕಾ ಹೋದ. ಮಳೆ ತಾಗದ ಆಯಿಯ ದೀಪದ ಮಸಿ ಮಾತ್ರ ಅಲ್ಲಿಯೇ ಕುಳಿತಿತ್ತು, ಈ ಹುಡುಗಿ ಅದನ್ನು ಬಿಡದೆ ಬರೆದಿದ್ದಳು. ದೀಪ ಇಡು ಎಂದು ನಾನು ಬಾಯಿ ಹರಿದುಕೊಂಡೆನಲ್ಲ, ದೀಪ ಉರಿದು ಹೋದದ್ದು ಅದರಲ್ಲಿ ಮೊದಲೇ ಇತ್ತು. ಮಾಡದ ಅಂಚಿಗೆ ಮಾಸಿದ ಒಂದು ಕೆಂಪು ಪಟ್ಟಿ, ಅಲ್ಲಲ್ಲಿ ಹರಿದಿದೆ, ಆದರೆ ಒಂದೇ ಎಳೆತದ್ದು. ಎಷ್ಟೋ ಹೇಳುವುದಿತ್ತು ನನಗೆ. ಗಿಡ ಕೀಳು ಎನ್ನುವುದಿತ್ತು, ಒಲೆ ಎಲ್ಲಿ ಎನ್ನುವುದಿತ್ತು. ಬಾಯಿಗೆ ಬಂದದ್ದು ಬೇರೆ.

"ಕಾರಣಿ ನೆಟ್ಟಗ ಎಳದಿ" ಎಂದೆ.

ಪಲ್ಲವಿ ಕುಂಚ ಒರೆಸುತ್ತ ನನ್ನ ಕಡೆ ನೋಡಿದಳು.

"ಕಾರಣಿ ಅಂದ್ರೇನು ಆಯಿ?"

ಇಷ್ಟು ದಿನ ಅದನ್ನೇ ಬರೆಯುತ್ತ ಕುಳಿತವಳು ಕೇಳುವ ಮಾತೇ ಇದು. ಹಣೆ ಬಡಿದುಕೊಂಡೆ. ಚಹಾ ಆರುವ ಮೊದಲು ಕುಡಿ, ಹೇಳುತ್ತೇನೆ ಎಂದು ಗದರಿಸಿ, ಕೆಮ್ಮಣ್ಣು ನೆನೆಹಾಕುವಲ್ಲಿಂದ ಶುರು ಮಾಡಿದೆ. ಮಸಿಯ ಕಲೆ ಹೋಗದ ಆ ವೇಲು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿತ್ತು. ಹೇಳುತ್ತ ಹೇಳುತ್ತಲೇ ಅದನ್ನು ತೆಗೆದು ಮಡಚಿ ನನ್ನ ಟ್ರಂಕಿನಲ್ಲಿ ಇಟ್ಟುಕೊಂಡೆ.